ಮಲೆನಾಡಿನ ಮನಃಶಾಸ್ತ್ರ ವಿದ್ಯಾರ್ಥಿಗಳಿಗೆ ಕಾಯಂ ಮೇಷ್ಟ್ರುಗಳನ್ನು ಕೊಡಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನಾನು ಹೊಸನಗರ ತಾಲ್ಲೂಕಿನವಳು. ರಾಜ್ಯದ ಒಂದು ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ತೋಟದ ಮನೆಯಲ್ಲಿ ಇಬ್ಬರೇ ಅಥವಾ ಒಬ್ಬರೇ ಉಳಿದ ಹಿರಿಯರು ದಿನ ಹೇಗೆ ಕಳೆಯುತ್ತಾರೆ, ಮನಸ್ಸನ್ನು ಹೇಗೆ ಕಾಪಾಡಿಕೊಳ್ಳುತ್ತಾರೆ ಅನ್ನುವುದು ನನ್ನ ಸಂಶೋಧನೆಯ ವಿಷಯ. ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆ ಓಡಾಡುತ್ತಿದ್ದೇನೆ.

ಈ ಪತ್ರದಲ್ಲಿ ನಾನು ಕೇಳುವುದು ಒಂದೇ. ಮಲೆನಾಡಿನ ಹುಡುಗ ಹುಡುಗಿಯರು ಓದುವ ಮನಃಶಾಸ್ತ್ರ ವಿಭಾಗಗಳಲ್ಲಿ ಖಾಲಿ ಬಿದ್ದಿರುವ ಕಾಯಂ ಬೋಧಕ ಹುದ್ದೆಗಳನ್ನು ತುಂಬಿಸಿ ಕೊಡಿ. ಹುದ್ದೆ ಖಾಲಿ ಅನ್ನುವ ಮಾತು ತಮ್ಮ ಕಿವಿಗೆ ದಿನಾ ಬೀಳುತ್ತಿರುತ್ತದೆ. ಎಲ್ಲ ವಿಭಾಗದವರೂ ಅದನ್ನೇ ಹೇಳುತ್ತಾರೆ. ಆದರೆ ನಮ್ಮ ವಿಷಯದಲ್ಲಿ ಒಬ್ಬ ಕಾಯಂ ಮೇಷ್ಟ್ರು ಇಲ್ಲದಿದ್ದರೆ ಅದರ ಪೆಟ್ಟು ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದಕ್ಕೇ ಪತ್ರ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯಲು ಇಡೀ ದೇಶಕ್ಕೆ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರೋ, ಮನಃಶಾಸ್ತ್ರಜ್ಞರೋ, ಸಮಾಜ ಕಾರ್ಯಕರ್ತರೋ ಇರಬೇಕು ಎಂದು ಅದರಲ್ಲಿದೆ. ಶಿವಮೊಗ್ಗ ಜಿಲ್ಲೆಯೊಂದನ್ನೇ ತೆಗೆದುಕೊಳ್ಳಿ. ಹೈಸ್ಕೂಲು, ಪಿಯು ಕಾಲೇಜು, ಡಿಗ್ರಿ ಕಾಲೇಜು, ಪಾಲಿಟೆಕ್ನಿಕ್ ಎಲ್ಲ ಸೇರಿಸಿದರೆ ಇಂಥ ಸಂಸ್ಥೆಗಳು ಎಷ್ಟಾಗಬಹುದು? ಅಲ್ಲಿ ಹೋಗಿ ಕೂರುವವರು ಎಲ್ಲಿಂದ ಬರಬೇಕು?

ಹೆಚ್ಚುಕಡಿಮೆ ಅದೇ ಹೊತ್ತಿಗೆ, ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಇನ್ನೊಂದು ತೀರ್ಮಾನ ತಿಳಿಸಿತು. 2025-26ರಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಮನಃಶಾಸ್ತ್ರ ಕಲಿಸುವ ಹಾಗಿಲ್ಲ. ಈ ತೀರ್ಮಾನ ಸರಿಯೇ ಇದೆ. ಇನ್ನೊಬ್ಬರ ಸಂಕಟ ಕೇಳುವ ಕೆಲಸವನ್ನು ಅಂಚೆಯಲ್ಲಿ ಬಂದ ಪುಸ್ತಕ ಓದಿ ಕಲಿಯಲು ಆಗುವುದಿಲ್ಲ. ಆದರೆ ನಮ್ಮ ಕಡೆ ಮದುವೆಯಾದ ಹೆಣ್ಣುಮಕ್ಕಳು, ಸಣ್ಣ ಕೆಲಸದಲ್ಲಿರುವವರು, ತೋಟ ಬಿಟ್ಟು ಬರಲಾಗದವರು ಈ ವಿಷಯ ಓದುತ್ತಿದ್ದದ್ದು ಆ ದಾರಿಯಲ್ಲೇ. ಈಗ ಉಳಿದಿರುವುದು ಕ್ಲಾಸಿಗೆ ಬಂದು ಕೂತು ಓದುವ ದಾರಿ ಒಂದೇ. ಕ್ಲಾಸಿನಲ್ಲಿ ಪಾಠ ಮಾಡುವವರು ಇದ್ದಾರಾ ಅನ್ನುವುದೇ ನನ್ನ ಪ್ರಶ್ನೆ.

ಯುಜಿಸಿಯ 2022ರ ಪಿಎಚ್‌.ಡಿ. ನಿಯಮ ತಮಗೆ ಗೊತ್ತೇ ಇರುತ್ತದೆ. ಕಾಯಂ ಬೋಧಕರು ಮಾತ್ರ ಸಂಶೋಧನೆಗೆ ಗೈಡ್ ಆಗಬಹುದು. ಪ್ರೊಫೆಸರ್ ಆದರೆ ಎಂಟು, ಅಸೋಸಿಯೇಟ್ ಪ್ರೊಫೆಸರ್ ಆದರೆ ಆರು, ಅಸಿಸ್ಟೆಂಟ್ ಪ್ರೊಫೆಸರ್ ಆದರೆ ನಾಲ್ಕು ವಿದ್ಯಾರ್ಥಿಗಳು. ನಿವೃತ್ತಿಗೆ ಮೂರು ವರ್ಷವೂ ಉಳಿಯದವರು ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ಅಂದರೆ ಇರುವ ಒಬ್ಬಿಬ್ಬರು ನಿವೃತ್ತಿಯ ಹತ್ತಿರ ಬಂದ ದಿನವೇ ಆ ವಿಭಾಗದ ಸಂಶೋಧನೆಗೆ ಬೀಗ ಬಿತ್ತು. ಅತಿಥಿ ಉಪನ್ಯಾಸಕರು ಎಷ್ಟೇ ಚೆನ್ನಾಗಿ ಪಾಠ ಮಾಡಲಿ, ಎಷ್ಟೇ ಓದಿಕೊಂಡಿರಲಿ, ಒಬ್ಬ ವಿದ್ಯಾರ್ಥಿಗೂ ಗೈಡ್ ಆಗಲಾರರು. ಸಂಶೋಧನೆ ಇಲ್ಲದಿದ್ದರೆ ಮುಂದಿನ ಬೋಧಕರು ತಯಾರಾಗುವುದಿಲ್ಲ. ಅವರಿಲ್ಲದಿದ್ದರೆ ನಾಳೆ ಕಾಲೇಜುಗಳಲ್ಲಿ ಆಪ್ತಸಮಾಲೋಚಕರಾಗಿ ಕೂರಬೇಕಾದವರಿಗೆ ಕಲಿಸುವವರೂ ಇರುವುದಿಲ್ಲ.

ಒಳಮೀಸಲಾತಿ ವಿಚಾರ ಇತ್ಯರ್ಥವಾಗಲಿ ಎಂದು ನೇಮಕಾತಿ ನಿಂತಿತ್ತು. ಅದು ನ್ಯಾಯದ ಪ್ರಶ್ನೆ. ಅದಕ್ಕಾಗಿ ಕಾದದ್ದರ ಬಗ್ಗೆ ನನಗೆ ಬೇಸರವಿಲ್ಲ. ಆದರೆ ನಮ್ಮ ವಿಭಾಗಗಳಲ್ಲಿ ಹುದ್ದೆ ಖಾಲಿಯಾದದ್ದು ಅದಕ್ಕೂ ಎಷ್ಟೋ ವರ್ಷ ಮೊದಲು.

ಅತಿಥಿ ಉಪನ್ಯಾಸಕರ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನನಗೆ ಮನಃಶಾಸ್ತ್ರ ಹಿಡಿಸಿದ್ದೇ ಅಂಥ ಒಬ್ಬರಿಂದ. ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಕನ್ನಡಿ ಪ್ರಯೋಗ ಅಂತ ಒಂದಿದೆ. ಹಾಳೆಯ ಮೇಲೆ ನಕ್ಷತ್ರದ ಚಿತ್ರ ಇರುತ್ತದೆ. ಹಾಳೆ ಕಾಣದ ಹಾಗೆ ಅಡ್ಡ ಇಟ್ಟು, ಎದುರಿನ ಕನ್ನಡಿಯಲ್ಲಿ ನೋಡಿಕೊಂಡು ಆ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು. ಮೊದಲ ಸಲ ಕೈ ಹೇಳಿದ ಮಾತು ಕೇಳುವುದಿಲ್ಲ. ಮೇಲೆ ಹೋಗು ಅಂದರೆ ಕೆಳಗೆ ಬರುತ್ತದೆ, ಮೂಲೆಗೆ ಬಂದರೆ ಅಲ್ಲೇ ಗಿರಕಿ ಹೊಡೆಯುತ್ತದೆ. ಮತ್ತೆ ಮತ್ತೆ ಮಾಡಿದ ಹಾಗೆ ತಪ್ಪು ಕಡಿಮೆಯಾಗುತ್ತದೆ. ಆಮೇಲೆ ಎಡಗೈಯಲ್ಲಿ ಮಾಡಿಸುತ್ತಾರೆ. ಬಲಗೈ ಕಲಿತದ್ದರಲ್ಲಿ ಸ್ವಲ್ಪ ಎಡಗೈಗೂ ಬಂದಿರುತ್ತದೆ! ಅಭ್ಯಾಸವೇ ಇಲ್ಲದ ಕೈ ಅದು. ನಮ್ಮ ಮೇಡಂ ಸ್ಟಾಪ್‌ವಾಚ್ ಹಿಡಿದುಕೊಂಡು ಒಬ್ಬೊಬ್ಬರ ಪಕ್ಕದಲ್ಲೂ ನಿಂತು, ತಪ್ಪುಗಳನ್ನು ಎಣಿಸಿ, ಗ್ರಾಫ್ ಹಾಕಿಸಿ, ಕಲಿಕೆ ಅಂದರೆ ಏನು ಅನ್ನುವುದನ್ನು ಆ ಗ್ರಾಫಿನಲ್ಲೇ ತೋರಿಸಿದರು. ಅವರಿಗೆ ರಜೆಯ ತಿಂಗಳಲ್ಲಿ ಸಂಬಳ ಇಲ್ಲ. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಅನ್ನುವುದೂ ಗೊತ್ತಿಲ್ಲ. ಒಬ್ಬ ಒಳ್ಳೆಯ ಶಿಕ್ಷಕಿಯನ್ನು ಹೀಗೆ ಇಟ್ಟುಕೊಳ್ಳುವುದು ಅವರಿಗೂ ಅನ್ಯಾಯ, ನಮಗೂ ಅನ್ಯಾಯ.

ಲ್ಯಾಬಿನ ಬೀರುವಿನಲ್ಲಿ ಬುದ್ಧಿಶಕ್ತಿ ಅಳೆಯುವ ಭಾಟಿಯಾ ಪರೀಕ್ಷೆಯ ಪೆಟ್ಟಿಗೆ ಇತ್ತು. 1955ರಲ್ಲಿ ಬಂದ ಪರೀಕ್ಷೆ ಅದು. ಬಣ್ಣದ ಚೌಕಗಳನ್ನು ಜೋಡಿಸಿ ಕಾರ್ಡಿನಲ್ಲಿರುವ ವಿನ್ಯಾಸ ಮಾಡುವುದು ಅದರಲ್ಲೊಂದು ಭಾಗ. ಓದು ಬರಹ ಬಾರದವರಿಗೂ ಮಾಡಿಸಬಹುದು. ನಮ್ಮ ಪೆಟ್ಟಿಗೆಯಲ್ಲಿ ಕೆಲವು ಚೌಕಗಳು ಕಳೆದುಹೋಗಿದ್ದವು. ಒಂದು ಚೌಕ ಕಡಿಮೆಯಾದರೂ ಆ ಪರೀಕ್ಷೆಯ ಅಂಕಕ್ಕೆ ಬೆಲೆ ಇಲ್ಲ. ಹೊಸದು ತರಿಸಿ ಅಂತ ಪತ್ರ ಬರೆದು ಬೆನ್ನು ಹತ್ತುವವರು ಕಾಯಂ ಆಗಿ ಇರಬೇಕಲ್ಲವೇ? ವರ್ಷಕ್ಕೊಮ್ಮೆ ಜನ ಬದಲಾದರೆ ಬೀರುವಿನ ಕೀಲಿ ಯಾರ ಹತ್ತಿರ ಇದೆ ಅನ್ನುವುದೇ ಗೊತ್ತಾಗುವುದಿಲ್ಲ.

ಈಗ ಫೀಲ್ಡಿನ ವಿಷಯಕ್ಕೆ ಬರುತ್ತೇನೆ. ನಿಜವಾದ ಕಷ್ಟ ಇರುವುದು ಅಲ್ಲಿ.

ಮಲೆನಾಡಿನ ಮನೆಗಳು ಬಯಲುಸೀಮೆಯ ಹಾಗೆ ಒತ್ತಾಗಿ ಇರುವುದಿಲ್ಲ ಅನ್ನುವುದು ತಮಗೆ ಗೊತ್ತು. ಗುಡ್ಡಕ್ಕೊಂದು, ತೋಟಕ್ಕೊಂದು ಮನೆ. ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಹಳ ಅನುಕೂಲವಾಗಿದೆ, ಅದಕ್ಕೆ ಕೃತಜ್ಞತೆ ಇದೆ. ಆದರೆ ನಮ್ಮ ಕಡೆ ಓಡುವುದು ಖಾಸಗಿ ಬಸ್ಸೇ ಜಾಸ್ತಿ. ಬಸ್ಸಿಳಿದ ಮೇಲೆ ನಡಿಗೆ. ಮಳೆಗಾಲದಲ್ಲಿ ರಕ್ತ ಹೀರುವ ಉಂಬಳ. ಇದೆಲ್ಲ ನಮಗೆ ಅಭ್ಯಾಸ ಇದೆ, ದೂರುತ್ತಿಲ್ಲ.

ಕಷ್ಟ ಶುರುವಾಗುವುದು ಜಗಲಿಯ ಮೇಲೆ ಕೂತು ಒಪ್ಪಿಗೆ ಪತ್ರ ಹೊರಗೆ ತೆಗೆದಾಗ. ಸಂಶೋಧನೆಗೆ ಒಳಪಡುವವರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಆ ನಿಯಮ ಇರಲೇಬೇಕು. ಆದರೆ ಸಾಗರ, ಹೊಸನಗರದ ಹಿರಿಯರ ಮುಂದೆ ಸಹಿ ಹಾಕುವ ಕಾಗದ ಇಟ್ಟು ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಆಮೇಲೆ ಚಕ್ರಾ, ಸಾವೆಹಕ್ಲು, ವಾರಾಹಿ. ಮುಳುಗಡೆಯಾಗಿ ಎದ್ದು ಬಂದವರಲ್ಲಿ ಎಷ್ಟೋ ಮನೆಗಳಿಗೆ ಇವತ್ತಿಗೂ ಜಮೀನಿನ ಹಕ್ಕುಪತ್ರ ಇಲ್ಲ. ಕಾಗದ ಹಿಡಿದುಕೊಂಡು ಮನೆ ಬಾಗಿಲಿಗೆ ಬಂದವರೆಲ್ಲ ಏನಾದರೊಂದು ಕಿತ್ತುಕೊಂಡು ಹೋದವರೇ. ಒಬ್ಬ ಹಿರಿಯರು ನನ್ನ ಒಪ್ಪಿಗೆ ಪತ್ರವನ್ನು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಮತ್ತೆ ಮೊದಲಿಂದ ಓದಿದರು. "ಇದು ಪಹಣಿಗೆ ಎಂತಾದ್ರೂ ಆಗ್ತದಾ ತಂಗಿ? ಫಾರೆಸ್ಟಿನವ್ರಿಗೆ ಹೋಗ್ತದಾ?" ಎಂದು ಕೇಳಿದರು. ಇಲ್ಲ ಎಂದೆ. ನಂಬಲಿಲ್ಲ. ಮಾತಾಡಲು ಅಡ್ಡಿಯಿಲ್ಲ, ಸಹಿ ಮಾತ್ರ ಕೇಳಬೇಡ ಎಂದರು.

ಆ ಹೆದರಿಕೆಯನ್ನು ಒಂದು ಅಡಚಣೆ ಅಂತ ಬರೆದು ಮುಂದೆ ಹೋಗಬಹುದು. ನನಗೆ ಹಾಗೆ ಅನಿಸುವುದಿಲ್ಲ. ನಾನು ಓದಬೇಕಾದ ಮನಸ್ಸು ಅದೇ ಅಲ್ವಾ? ಅರವತ್ತು ವರ್ಷದ ಹಿಂದಿನ ಮುಳುಗಡೆ ಒಬ್ಬ ಮನುಷ್ಯನ ಕೈಯನ್ನು ಇವತ್ತು ಪೆನ್ನು ಹಿಡಿಯದ ಹಾಗೆ ಮಾಡಿದೆ ಅಂದರೆ ಅದಕ್ಕಿಂತ ದೊಡ್ಡ ಡಾಟಾ ಯಾವುದಿದೆ? ಆದರೆ ಇದನ್ನು ಸಂಶೋಧನೆಯಾಗಿ ಮಾಡುವುದು ಹೇಗೆ, ಬಾಯಿಮಾತಿನ ಒಪ್ಪಿಗೆಯನ್ನು ಸರಿಯಾಗಿ ದಾಖಲಿಸುವುದು ಹೇಗೆ, ಸಂಶೋಧನೆಯ ನೈತಿಕತೆ ನೋಡುವ ಸಮಿತಿಗೆ ಏನೆಂದು ಬರೆಯುವುದು ಅನ್ನುವುದನ್ನೆಲ್ಲ ಕೂತು ಹೇಳಿಕೊಡುವ ಗೈಡ್ ಬೇಕು. ನನ್ನ ಗೈಡ್ ಒಳ್ಳೆಯವರು. ಆದರೆ ಅವರೊಬ್ಬರೇ ವಿಭಾಗದ ಮುಖ್ಯಸ್ಥರು, ಅವರೇ ಇನ್ನೊಂದು ವಿಭಾಗದ ಪ್ರಭಾರಿ, ಅವರದೇ ಪರೀಕ್ಷಾ ಕೆಲಸ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲೂ ಅವರದೇ. ಅವರ ಕೋಣೆಯ ಹೊರಗೆ ಬೆಂಚಿನ ಮೇಲೆ ನಾವು ಸಂಶೋಧನಾ ವಿದ್ಯಾರ್ಥಿಗಳು ಸಾಲಾಗಿ ಕೂತಿರುತ್ತೇವೆ.

ಇನ್ನೊಂದು ಮನೆಯಲ್ಲಿ ಅಜ್ಜಿಯೊಬ್ಬರು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಪಕ್ಕದಲ್ಲೇ ಕೂತು ಸ್ಕೇಲಿನ, ಅಂದರೆ ಮನಸ್ಸಿನ ಸ್ಥಿತಿ ಅಳೆಯುವ ಪ್ರಶ್ನಾವಳಿಯ, ಪ್ರಶ್ನೆ ಕೇಳಿದೆ. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ ಅಂತ ಎಷ್ಟು ದಿನ ಅನಿಸಿತು? ಉತ್ತರಕ್ಕೆ ನಾಲ್ಕು ಚೌಕ ಇವೆ. ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಜಾಸ್ತಿ ದಿನ, ಹೆಚ್ಚುಕಡಿಮೆ ದಿನಾಲೂ. ಅಜ್ಜಿ ಕೈ ನಿಲ್ಲಿಸದೆ ಹೇಳಿದರು: "ಆಸಕ್ತಿ ಇದ್ರೂ ಇಲ್ದಿದ್ರೂ ದನ ಕರೀಲೇಬೇಕಲ್ಲ ಮಾರಾಯ್ತಿ." ಇದಕ್ಕೆ ಯಾವ ಚೌಕದಲ್ಲಿ ಗುರುತು ಹಾಕಬೇಕು? ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು. ಅಜ್ಜ ಹೋದ ಮೇಲೆ ಒಲೆ ಹಚ್ಚುವುದು ದಿನಕ್ಕೆ ಒಂದೇ ಸಲ. "ಒಬ್ಳಿಗೆ ಎಂತ ಅಡುಗೆ ಮಾಡ್ಕ್ಯಳೂದು." ನನ್ನ ಸ್ಕೇಲಿನಲ್ಲಿ ಒಲೆಯ ಬಗ್ಗೆ ಪ್ರಶ್ನೆ ಇಲ್ಲ. ಅದನ್ನು ತಯಾರಿಸಿದ್ದು ಬೇರೆ ದೇಶದ ಆಸ್ಪತ್ರೆಗಳಿಗೆ. ಕನ್ನಡಕ್ಕೆ ತಂದಿದ್ದಾರೆ, ಅದು ಒಳ್ಳೆಯ ಕೆಲಸವೇ. ಆದರೆ ಒಂಟಿಮನೆಯ ಹಿರಿಯರಲ್ಲಿ ಮನಸ್ಸಿನ ಮಂಕು ಹೇಗೆ ಕಾಣುತ್ತದೆ ಅನ್ನುವುದನ್ನು ಇಲ್ಲಿಯವರ ಜೊತೆ ಕೂತು, ಪ್ರಶ್ನೆ ತಯಾರಿಸಿ, ನೂರಾರು ಜನರಲ್ಲಿ ಪರೀಕ್ಷಿಸಿ, ಮತ್ತೆ ತಿದ್ದಿ ಮಾಡಬೇಕು. ಅದು ಒಬ್ಬ ವಿದ್ಯಾರ್ಥಿಯ ಪಿಎಚ್‌.ಡಿ.ಯಲ್ಲಿ ಮುಗಿಯುವ ಕೆಲಸವಲ್ಲ. ಒಂದು ವಿಭಾಗ ಹತ್ತಾರು ವರ್ಷ ಹಿಡಿದು ಮಾಡಬೇಕಾದ ಕೆಲಸ.

ಈ ಕೊರತೆ ನಮ್ಮೊಬ್ಬರದಲ್ಲ. ಮನಃಶಾಸ್ತ್ರದ ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಅಧ್ಯಯನಕ್ಕೆ ಒಳಗಾದವರಲ್ಲಿ ಶೇ 96ರಷ್ಟು ಜನ ಪಾಶ್ಚಾತ್ಯ ಶ್ರೀಮಂತ ದೇಶಗಳವರು, ಅವು ಜಗತ್ತಿನ ಶೇ 12ರಷ್ಟು ಜನರಿರುವ ದೇಶಗಳು ಎಂದು 2008ರಲ್ಲಿ ಅಮೆರಿಕದ ಒಬ್ಬ ಮನಃಶಾಸ್ತ್ರಜ್ಞರೇ ಲೆಕ್ಕ ಹಾಕಿ ತೋರಿಸಿದರು. ನಮ್ಮ ದೇಶದ ಒಳಗೂ ಹಾಗೇ ಇದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಪೂರ್ವಭಾವಿ ಅಧ್ಯಯನ ಕೋಲಾರದಲ್ಲಿ ನಡೆಯಿತು. ಆದರೆ ಸಮೀಕ್ಷೆ ನಡೆದ 12 ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ದೊಡ್ಡವರಲ್ಲಿ ಶೇ 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ, ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿಲ್ಲ ಎಂದು ಅದು ಹೇಳಿತು. ಘಟ್ಟದ ಊರುಗಳ ಲೆಕ್ಕ ನಾವೇ ಮಾಡಿಕೊಳ್ಳಬೇಕು.

ಒಂದು ಸಂಜೆಯ ವಿಷಯ ಹೇಳಲೇಬೇಕು. ಮಾತಿನ ಮಧ್ಯೆ ಒಬ್ಬ ಹಿರಿಯರು "ಇನ್ನು ಇದ್ದು ಎಂತ ಮಾಡೂದು" ಎಂದರು. ಹಳ್ಳಿಯಲ್ಲಿ ಇದು ಸುಮ್ನೆ ಬರುವ ಮಾತೂ ಹೌದು, ಸುಮ್ನೆ ಬಿಡಬಾರದ ಮಾತೂ ಹೌದು. ಅಂಥ ಹೊತ್ತಿನಲ್ಲಿ ಪ್ರಶ್ನಾವಳಿ ಬದಿಗಿಟ್ಟು ನೇರವಾಗಿ ಕೇಳಬೇಕು, ಅವರನ್ನು ಒಬ್ಬರನ್ನೇ ಬಿಟ್ಟು ಬರಬಾರದು, ಚಿಕಿತ್ಸೆಗೆ ದಾರಿ ಮಾಡಬೇಕು ಎಂದು ನಮಗೆ ಕಲಿಸಿದ್ದಾರೆ. ಹಾಗೇ ಮಾಡಿದೆ. ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರಿಂದ ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು, ಒಳ್ಳೆಯ ಸೇವೆ. ಆದರೆ ಆ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಸಿಗ್ನಲ್ ಬೇಕಾದರೆ ಗುಡ್ಡ ಹತ್ತಿ ರಸ್ತೆಗೆ ಬರಬೇಕು. ಪಕ್ಕದ ತೋಟದವರನ್ನು ಕರೆದು ಹಿರಿಯರ ಜೊತೆ ಕೂರಿಸಿ, ರಸ್ತೆಗೆ ಬಂದು ನನ್ನ ಗೈಡಿಗೆ ಫೋನ್ ಮಾಡಿದೆ. ಅವರು ತಮ್ಮ ಕೆಲಸ ಬಿಟ್ಟು ಹೇಳಿಕೊಟ್ಟರು. ಆಶಾ ಕಾರ್ಯಕರ್ತೆ ಬಂದರು. ಮರುದಿನ ಹಿರಿಯರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಈಗ ಅವರು ಆರಾಮಾಗಿದ್ದಾರೆ. ಆ ಫೋನ್ ಎತ್ತಲು ಒಬ್ಬ ಗೈಡ್ ಇದ್ದರು. ಗೈಡ್ ಇಲ್ಲದೆ, ಎಂ.ಎಸ್ಸಿ. ಪ್ರಾಜೆಕ್ಟಿಗೆ ಅಂತ ಒಬ್ಬೊಬ್ಬರೇ ಹೋಗುವ ಇಪ್ಪತ್ತೆರಡು ವರ್ಷದ ಮಕ್ಕಳು ಯಾರಿಗೆ ಫೋನ್ ಮಾಡಬೇಕು?

ಹಾಗಾಗಿಯೇ ನಮ್ಮ ಪ್ರಾಜೆಕ್ಟುಗಳು ಯಾವಾಗಲೂ ಕಾಲೇಜಿನ ಗೇಟಿನ ಒಳಗೇ ಮುಗಿಯುತ್ತವೆ. ಪದವಿ ವಿದ್ಯಾರ್ಥಿಗಳ ಆತ್ಮವಿಶ್ವಾಸ ಮತ್ತು ಪರೀಕ್ಷಾ ಭಯ, ಹಾಸ್ಟೆಲ್ ವಿದ್ಯಾರ್ಥಿಗಳ ಒತ್ತಡ, ಮತ್ತೆ ಅದೇ, ಮತ್ತೆ ಅದೇ. ಮಕ್ಕಳು ಸೋಮಾರಿಗಳು ಎಂದು ಹೇಳುವವರಿದ್ದಾರೆ. ಅದು ತಪ್ಪು. ಪಕ್ಕದ ಕ್ಲಾಸಿನಲ್ಲಿ ಸಿಗುವವರಿಗೆ ಫಾರಂ ತುಂಬಿಸಿದರೆ ಖರ್ಚಿಲ್ಲ, ಅಪಾಯವಿಲ್ಲ, ಗೈಡ್ ಕೇಳಬೇಕಾಗಿಲ್ಲ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್ ಪಾಸಾಗಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕಿದವರಿಗೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಸಿಗದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಾದರೆ 8,000 ಇದೆ, ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಅದರ ಖಾತ್ರಿಯೂ ಇಲ್ಲ. ಆ ನೆಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿ ಬಂದ ನನ್ನ ಗೆಳತಿಯೊಬ್ಬಳಿದ್ದಾಳೆ. ಯಾರ ಮುಂದೆ ಕೂತರೂ ಐದು ನಿಮಿಷದಲ್ಲಿ ಅವರು ಮನಸ್ಸು ಬಿಚ್ಚುತ್ತಾರೆ. ಅಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಾಳೆ. ಸೆಮಿನಾರಿನಲ್ಲಿ ಮಾತ್ರ ಅವಳ ಬಾಯಿ ಕಟ್ಟಿಹೋಗುತ್ತದೆ. ಈಗ ಶಿವಮೊಗ್ಗದ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ಮಾಡುತ್ತಾಳೆ. ಜಿಲ್ಲೆಯ ಯಾವುದಾದರೂ ಪಿಯು ಕಾಲೇಜಿನಲ್ಲಿ ಆಪ್ತಸಮಾಲೋಚಕಿಯಾಗಿ ಕೂರಬೇಕಾದವಳು ಅವಳು.

ನಿಮ್ಹಾನ್ಸ್ ಇದೆಯಲ್ಲ, ಅಲ್ಲಿಯವರು ಮಾಡುತ್ತಾರಲ್ಲ ಎಂದು ತಮಗೆ ಯಾರಾದರೂ ಹೇಳಬಹುದು. ನಿಮ್ಹಾನ್ಸ್ ಬಗ್ಗೆ ನಮಗೆ ಬಹಳ ಗೌರವ. ಅವರು ಇಲ್ಲಿಗೂ ಬಂದಿದ್ದಾರೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸುಮಾರು ಎರಡು ದಶಕಗಳಿಂದ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಊರೂರಿನಲ್ಲಿ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಅವರ ಜೊತೆಗಿದ್ದು ಅಧ್ಯಯನ ಮಾಡಿದ್ದಾರೆ. ಊರಲ್ಲೇ ಇದ್ದು ಚಿಕಿತ್ಸೆ ಪಡೆದವರು ದಿನನಿತ್ಯದ ಕೆಲಸಗಳಲ್ಲಿ ಚೇತರಿಸಿಕೊಂಡರು ಎಂದು ಅದರಿಂದ ಗೊತ್ತಾಯಿತು. ಇಂಥ ಕೆಲಸ ಮಲೆನಾಡಿನಲ್ಲೂ ಸಾಧ್ಯ ಎಂದು ತೋರಿಸಿದ್ದೇ ಅವರು. ಆದರೆ ಏಳು ತಾಲ್ಲೂಕು ಇವೆ ಇಲ್ಲಿ. ಎಲ್ಲದಕ್ಕೂ ಮುನ್ನೂರು ಕಿಲೋಮೀಟರ್ ದೂರದಿಂದ ಅವರೇ ಬರಲಿ ಅನ್ನುವುದು ನ್ಯಾಯವಾ?

ಭದ್ರಾವತಿಯನ್ನೇ ನೋಡಿ. ಅಲ್ಲಿ ಎಂಥ ಅಧ್ಯಯನ ಆಗಬೇಕು ಅನ್ನುವುದಕ್ಕೆ ಮೊದಲು ಒಂದು ಹಳೆಯ ಉದಾಹರಣೆ ಹೇಳುತ್ತೇನೆ. 1930ರ ಆಸುಪಾಸಿನಲ್ಲಿ ಆಸ್ಟ್ರಿಯಾದ ವಿಯೆನ್ನಾ ಹತ್ತಿರ ಮರಿಯೆಂತಾಲ್ ಎಂಬ ಊರಿನಲ್ಲಿ ಜವಳಿ ಗಿರಣಿ ಮುಚ್ಚಿತು. ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಸಂಶೋಧಕರಾದ ಮೇರಿ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಅವರ ಜೊತೆಗಾರರು ಅಲ್ಲಿಗೆ ಹೋಗಿ ಜನರ ನಡುವೆ ಇದ್ದು ಅಧ್ಯಯನ ಮಾಡಿದರು. ಬೀದಿಯಲ್ಲಿ ಗಂಡಸರು ಎಷ್ಟು ವೇಗವಾಗಿ ನಡೆಯುತ್ತಾರೆ, ಎಷ್ಟು ಸಲ ನಿಲ್ಲುತ್ತಾರೆ ಎಂದು ಕೂಡ ಅಳೆದರು. ಕೈಯಲ್ಲಿ ಬೇಕಾದಷ್ಟು ಹೊತ್ತು ಇದ್ದರೂ, ಶುಲ್ಕ ತೆಗೆದುಹಾಕಿದ್ದರೂ, ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಅರ್ಧಕ್ಕೆ ಇಳಿದಿತ್ತು. ಕೆಲಸ ಹೋದರೆ ಸಂಬಳದ ಜೊತೆಗೆ ಹೊತ್ತಿನ ಲೆಕ್ಕವೂ ತಪ್ಪುತ್ತದೆ, ಹುಮ್ಮಸ್ಸೂ ಹೋಗುತ್ತದೆ ಎಂದು ಅವರು ತೋರಿಸಿದರು. ತೊಂಬತ್ತು ವರ್ಷ ಆದರೂ ಪಾಠಗಳಲ್ಲಿ ಅದು ಉಳಿದಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದದ್ದು 1923ರಲ್ಲಿ. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಅದನ್ನು ಮುಚ್ಚುವ ತೀರ್ಮಾನ ಬಂತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಹೋರಾಟಕ್ಕೆ ಕೂತರು. ಕಾಗದದ ಕಾರ್ಖಾನೆ ನಿಂತು ಅದಕ್ಕೂ ಮೊದಲೇ ವರ್ಷಗಳಾಗಿದ್ದವು. ಆ ಕ್ವಾರ್ಟರ್ಸ್‌ಗಳಲ್ಲಿ, ಆ ಅಂಗಡಿಗಳಲ್ಲಿ, ಆ ಮನೆಗಳ ಮಕ್ಕಳಲ್ಲಿ ಏನಾಗಿದೆ ಅನ್ನುವುದನ್ನು ಹತ್ತಿರದಿಂದ ಓದುವವರು ಬೇಕು. ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ. ಬೇಸಿಗೆ ಬಂದರೆ ಕಾಡಿಗೆ ಸೊಪ್ಪು ಸೌದೆಗೆ ಹೋಗುವವರ ಹೆದರಿಕೆ ಎಂಥದ್ದು? ಅಡಿಕೆಯ ಎಲೆಚುಕ್ಕೆ ರೋಗಕ್ಕೆ ತೋಟ ಕಳೆದುಕೊಂಡವರ ನಿದ್ದೆ ಎಂಥದ್ದು? ಇವೆಲ್ಲ ಮನಃಶಾಸ್ತ್ರದ ಪ್ರಶ್ನೆಗಳೇ.

ನಮ್ಮ ರಾಜ್ಯಕ್ಕೆ ಇದೆಲ್ಲ ಹೊಸದಲ್ಲ. ದೇಶದಲ್ಲಿ ಮೊದಲ ಮನಃಶಾಸ್ತ್ರ ವಿಭಾಗ 1916ರಲ್ಲಿ ಕಲ್ಕತ್ತಾದಲ್ಲಿ ಶುರುವಾಯಿತು. 1924ರಲ್ಲಿ ಮೈಸೂರಿನಲ್ಲೂ ಶುರುವಾಯಿತು. ಆಗ ಕುಲಪತಿಯಾಗಿದ್ದವರು ಬ್ರಜೇಂದ್ರನಾಥ ಸೀಲ್. ವಿಭಾಗ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಹೆಸರಾಂತ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಹತ್ತಿರ ಓದಿ ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆಕಾಶವಾಣಿ ಶುರು ಮಾಡಿದವರೂ ಅವರೇ. ಅತ್ತ ಧಾರವಾಡದಲ್ಲಿ ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಬಿನೆ ಬುದ್ಧಿಶಕ್ತಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಇವತ್ತಿಗೂ ಬಿನೆ-ಕಾಮತ್ ಪರೀಕ್ಷೆ ಬಳಕೆಯಲ್ಲಿದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಕನ್ನಡದ ಮಕ್ಕಳ ಮುಂದೆ ಕೂತು ಮಾಡಿದ ಕೆಲಸ. ಅವರೆಲ್ಲ ಒಂದು ಕಡೆ ಗಟ್ಟಿಯಾಗಿ ನೆಲೆ ನಿಂತು ಮಾಡಿದ್ದರಿಂದ ಅದು ಸಾಧ್ಯವಾಯಿತು. ಹನ್ನೊಂದು ತಿಂಗಳ ತಾತ್ಕಾಲಿಕ ನೇಮಕದ ಆದೇಶದ ಮೇಲೆ ಅದು ಆಗುವ ಕೆಲಸವಲ್ಲ.

ಆದ್ದರಿಂದ ನನ್ನ ಮನವಿ ಹುದ್ದೆಯದೇ. ಮೊದಲು ಕಾಯಂ ಬೋಧಕರು ಬರಲಿ. ಈಗಿರುವ ಅರ್ಹ ಅತಿಥಿ ಉಪನ್ಯಾಸಕರ ಅನುಭವಕ್ಕೆ ಆ ನೇಮಕಾತಿಯಲ್ಲಿ ಬೆಲೆ ಸಿಗಲಿ. ಬಂದವರು ವರ್ಗವಾಗಿ ಹೋಗದೆ ಒಂದಷ್ಟು ವರ್ಷ ಇಲ್ಲೇ ನಿಲ್ಲಲಿ. ಅವರಿದ್ದರೆ ಬೀರುವಿನ ಪೆಟ್ಟಿಗೆ ತಾನಾಗಿಯೇ ತುಂಬುತ್ತದೆ, ಕನ್ನಡದ ಸ್ಕೇಲುಗಳ ಕೆಲಸ ಶುರುವಾಗುತ್ತದೆ. ವಿದ್ಯಾರ್ಥಿಗಳು ಮೇಷ್ಟ್ರ ಕಣ್ಣೆದುರಲ್ಲೇ ತಾಲ್ಲೂಕು ಆಸ್ಪತ್ರೆಗಳಲ್ಲಿ ತರಬೇತಿ ಪಡೆಯಬಹುದು. ಆರೋಗ್ಯ ಇಲಾಖೆಯ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ಇದೆ. ಅಲ್ಲಿ ನಮ್ಮ ವಿದ್ಯಾರ್ಥಿಗಳಿಗೂ ಜಾಗ ಸಿಗುವ ಹಾಗೆ ಆ ಇಲಾಖೆಯ ಜೊತೆ ತಾವು ಒಂದು ಮಾತಾಡಿದರೆ ಸಾಕು, ಹೊಸ ಕಟ್ಟಡ ಬೇಕಾಗಿಲ್ಲ. ಫೀಲ್ಡಿಗೆ ಹೋಗುವ ಸಂಶೋಧನಾ ವಿದ್ಯಾರ್ಥಿಗಳಿಗೆ ಓಡಾಟದ ಖರ್ಚಿನಷ್ಟಾದರೂ ಸಿಗಲಿ.

ಈ ವಿಷಯಕ್ಕೆ ಸೇರುವವರು ಕಡಿಮೆ, ಹುದ್ದೆ ಕೊಟ್ಟರೆ ದಂಡ ಎಂದು ಹಣಕಾಸು ಇಲಾಖೆ ಹೇಳಬಹುದು. ಮೇಷ್ಟ್ರಿಲ್ಲದ ವಿಭಾಗಕ್ಕೆ ಯಾರು ಸೇರುತ್ತಾರೆ? ಮೊದಲು ಮೇಷ್ಟ್ರನ್ನು ಕೊಟ್ಟು, ನಾಲ್ಕು ವರ್ಷ ಬಿಟ್ಟು ಲೆಕ್ಕ ಕೇಳಲಿ. ಕೊಡಲು ನಾವು ತಯಾರಿದ್ದೇವೆ.

ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮನಃಶಾಸ್ತ್ರಕ್ಕೆ ಮಂಜೂರಾದ ಕಾಯಂ ಹುದ್ದೆ ಎಷ್ಟು, ಅದರಲ್ಲಿ ಖಾಲಿ ಎಷ್ಟು, ಅವುಗಳ ನೇಮಕಾತಿ ಅಧಿಸೂಚನೆ ಯಾವಾಗ ಹೊರಡುತ್ತದೆ ಎಂದು ತಾವು ಸಾರ್ವಜನಿಕವಾಗಿ ತಿಳಿಸಬೇಕು. ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶಕ್ಕೆ ಮೊದಲೇ ತಿಳಿಸಿದರೆ ಮಲೆನಾಡಿನಲ್ಲಿ ಡಿಗ್ರಿ ಮುಗಿಸುತ್ತಿರುವ ಮಕ್ಕಳು ಈ ವಿಷಯ ತೆಗೆದುಕೊಳ್ಳಬೇಕೋ ಬೇಡವೋ ಎಂದು ನಿರ್ಧಾರ ಮಾಡಬಹುದು. ತಮ್ಮ ಉತ್ತರವನ್ನು ಕಾಯುತ್ತಿರುತ್ತೇನೆ.

ಗೌರವಪೂರ್ವಕವಾಗಿ,
ಹೊಸನಗರ ತಾಲ್ಲೂಕಿನ ಒಬ್ಬ ಸಂಶೋಧನಾ ವಿದ್ಯಾರ್ಥಿನಿ
ಶಿವಮೊಗ್ಗ